ಕ್ಯೂಆರ್ ಕೋಡಿಗಿಂತ ಮೊದಲು ಕನ್ನಡ

ಮುಂಬೈಯಿಂದ ನಾಸಿಕ್ ಕಡೆಗೆ ರಸ್ತೆಯಲ್ಲಿ ಓಡಾಡುವವರಿಗೆ ಘೋಟಿ ಗೊತ್ತಿರುತ್ತದೆ. ಕಸಾರಾ ಘಾಟ್ ಹತ್ತಿ, ಇಗತ್‌ಪುರಿ ದಾಟಿದರೆ ಸಿಗುವ ಪೇಟೆ. ಅಕ್ಕಿ ಗಿರಣಿಗಳ ಊರು. ಕಳಸೂಬಾಯಿ ಬೆಟ್ಟಕ್ಕೆ ಹೋಗುವವರು ಇಲ್ಲೇ ತಿರುಗುತ್ತಾರೆ. ಇದೇ ಘಾಟಿನ ಕೆಳಗೆ, ಶಹಾಪುರ ತಾಲೂಕಿನ ಪಷ್ಟೇಪಾಡಾ ಅನ್ನುವ ಪುಟ್ಟ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆ ಮಹಾರಾಷ್ಟ್ರದ ಮೊದಮೊದಲ ಡಿಜಿಟಲ್ ಶಾಲೆಗಳಲ್ಲಿ ಒಂದು ಅಂತ ಹೆಸರಾಯಿತು. ಇಂಥ ಸುದ್ದಿ ಓದಿದಾಗ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ, "ಎಷ್ಟು ಕಂಪ್ಯೂಟರ್ ಕೊಟ್ಟರಂತೆ?" ಮಕ್ಕಳು ಯಾವ ಭಾಷೆಯಲ್ಲಿ ಕಲಿತರು ಅಂತ ಯಾರೂ ಕೇಳುವುದಿಲ್ಲ. ಆದರೆ ಚರಿತ್ರೆ ನೋಡಿದರೆ ಅದೇ ಮುಖ್ಯ ಪ್ರಶ್ನೆ ಅನ್ನಿಸುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನುವ ಯೋಜನೆ ಶುರು ಮಾಡಿತು. ಸುಮಾರು 250 ಶಾಲೆಗಳಿಗೆ ಇಂಗ್ಲೆಂಡಿನ ಅಕಾರ್ನ್ ಕಂಪನಿಯ 'ಬಿಬಿಸಿ ಮೈಕ್ರೋ' ಯಂತ್ರಗಳು ಬಂದವು. ಅವೆಲ್ಲ ದೊಡ್ಡ ಮಕ್ಕಳ ಶಾಲೆಗಳು, ಯಂತ್ರದ ಭಾಷೆ ಇಂಗ್ಲಿಷು. ಒಂದನೇ ಎರಡನೇ ಕ್ಲಾಸಿನ ಮಕ್ಕಳನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪ್ರಾಥಮಿಕ ಶಾಲೆಗಳ ಸರದಿ ಬಂದಿದ್ದು 2000ದ ನಂತರ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕರ್ನಾಟಕ ಸರ್ಕಾರದ ಜೊತೆ ಸೇರಿ ಹಳ್ಳಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರಗಳನ್ನು ತೆರೆಯಿತು. ಕನ್ನಡವೂ ಸೇರಿ ಅನೇಕ ಭಾರತೀಯ ಭಾಷೆಗಳಲ್ಲಿ ಪಾಠದ ಸಿ.ಡಿ.ಗಳು ತಯಾರಾದವು. ದೊಡ್ಡ ಹೆಜ್ಜೆಯೇ ಸರಿ. ಆದರೆ ಕೆಲವು ವರ್ಷಗಳಲ್ಲಿ ಆ ಸಂಸ್ಥೆಯೇ, ಕಂಪ್ಯೂಟರಿನಿಂದ ಶಿಕ್ಷಣ ಸುಧಾರಿಸುತ್ತದೆ ಅನ್ನುವ ನಂಬಿಕೆಗೆ ಮಿತಿಯಿದೆ, ಮುಖ್ಯವಾದವರು ಮೇಷ್ಟ್ರು ಅಂತ ಬಹಿರಂಗವಾಗಿ ಹೇಳಿತು. ಹಣ ಹಾಕಿದವರೇ ಹೀಗೆ ಹೇಳುವುದು ಅಪರೂಪ ನೋಡಿ.

ಈಗ ಸೋಲಾಪುರ ಜಿಲ್ಲೆಗೆ ಬನ್ನಿ. ಮಹಾರಾಷ್ಟ್ರದ ನಕ್ಷೆಯಲ್ಲಿದ್ದರೂ ಅಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ ಅನ್ನುವುದು ನಿಮಗೆ ಗೊತ್ತು. ಆ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿ ಶಾಲೆಗೆ 2009ರಲ್ಲಿ ರಣಜಿತ್‌ಸಿಂಹ ಡಿಸಲೆ ಅನ್ನುವ ತರುಣ ಮೇಷ್ಟ್ರು ಬಂದರು. ಒಂದು ಪಕ್ಕ ದನದ ಕೊಟ್ಟಿಗೆ, ಇನ್ನೊಂದು ಪಕ್ಕ ಉಗ್ರಾಣ, ನಡುವೆ ಹಾಳುಬಿದ್ದ ಶಾಲೆ. ಹೆಣ್ಣುಮಕ್ಕಳು ಶಾಲೆಗೆ ಬರುವುದೇ ಕಮ್ಮಿ. ಮೇಲಾಗಿ ಮನೆಮಾತು ಕನ್ನಡ, ಪುಸ್ತಕ ಮರಾಠಿ. ಮಗು ಪುಸ್ತಕ ತೆರೆದರೆ ಅದರಲ್ಲಿ ಅಮ್ಮನ ಮಾತೇ ಇಲ್ಲ!

ಆಗ ಮೇಷ್ಟ್ರು ಏನು ಮಾಡಿದರು? ಮೊದಲು ತಾವೇ ಕನ್ನಡ ಕಲಿತರು. ಆಮೇಲೆ ಒಂದರಿಂದ ನಾಲ್ಕನೇ ಕ್ಲಾಸಿನವರೆಗಿನ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವ ಹಾಗೆ ಹೊಸದಾಗಿ ರೂಪಿಸಿ, ಪಾಠಗಳಿಗೆ ಕ್ಯೂಆರ್ ಕೋಡ್ ಅಂಟಿಸಿದರು. ಫೋನ್ ಹಿಡಿದರೆ ಹಾಡು, ಕಥೆ, ವಿಡಿಯೊ, ಮನೆಗೆಲಸ ಎಲ್ಲ ತೆರೆದುಕೊಳ್ಳುತ್ತದೆ. ಅಂದ ಹಾಗೆ, ಈ ಕ್ಯೂಆರ್ ಕೋಡ್ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಕಾರ್ಖಾನೆಯ ಚೀಟಿ ಹಳ್ಳಿ ಮಗುವಿನ ಪುಸ್ತಕಕ್ಕೆ ಬಂತು!

2017ರಲ್ಲಿ ಮಹಾರಾಷ್ಟ್ರ ಸರ್ಕಾರ ರಾಜ್ಯದ ಪಠ್ಯಪುಸ್ತಕಗಳಿಗೆಲ್ಲ ಕ್ಯೂಆರ್ ಕೋಡ್ ತರುವುದಾಗಿ ಹೇಳಿತು. 2018ರಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಅದೇ ಘೋಷಣೆಯಾಯಿತು. 2020ರ ಡಿಸೆಂಬರ್ 3ರಂದು ಡಿಸಲೆಯವರಿಗೆ ಹತ್ತು ಲಕ್ಷ ಡಾಲರಿನ 'ಗ್ಲೋಬಲ್ ಟೀಚರ್ ಪ್ರೈಜ್' ಬಂತು. ಅರ್ಧ ಹಣವನ್ನು ಕೊನೆಯ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮೇಷ್ಟ್ರುಗಳಿಗೆ ಹಂಚುವುದಾಗಿ ಅವರು ಅಲ್ಲೇ ಹೇಳಿಬಿಟ್ಟರು.

ಪೇಪರಿನಲ್ಲಿ, ಟಿವಿಯಲ್ಲಿ ಎಲ್ಲ ಕಡೆ ಕ್ಯೂಆರ್ ಕೋಡಿನ ಮಾತೇ ಮಾತು. ಅವರು ಕನ್ನಡ ಕಲಿತ ವಿಷಯ ಒಂದು ಸಾಲಿನಲ್ಲಿ ಬಂದು ಹೋಯಿತು. ನನಗೆ ಮಾತ್ರ ಆ ಒಂದು ಸಾಲೇ ದೊಡ್ಡದು. ಕೋಡನ್ನು ಯಾರು ಬೇಕಾದರೂ ಅಂಟಿಸಬಹುದು. ಮರಾಠಿ ಮೇಷ್ಟ್ರೊಬ್ಬರು, ಸರ್ಕಾರಿ ಆದೇಶವಿಲ್ಲದೆ, ಸಣ್ಣ ಮಕ್ಕಳ ಸಲುವಾಗಿ ಅವರ ಮನೆಮಾತು ಕಲಿಯುವುದಿದೆಯಲ್ಲ, ಅದಕ್ಕೆ ಯಾವ ಆ್ಯಪೂ ಇಲ್ಲ. ಆ ಕೆಲಸ ಆಗದಿದ್ದರೆ ಕೋಡಿನ ಹಿಂದೆ ಇನ್ನೊಂದು ಅರ್ಥವಾಗದ ಪಾಠ ಇರುತ್ತಿತ್ತು, ಅಷ್ಟೆ.

ಹೊರನಾಡಿನಲ್ಲಿ ಬೇರು ಬಿಟ್ಟ ನಮ್ಮ ಕಥೆ ಇದಕ್ಕೆ ಉಲ್ಟಾ. ಆ ಮಕ್ಕಳಿಗೆ ಕನ್ನಡ ಇತ್ತು, ಯಂತ್ರ ಇರಲಿಲ್ಲ. ನಮ್ಮ ಮಕ್ಕಳಿಗೆ ಐದು ವರ್ಷಕ್ಕೇ ಟ್ಯಾಬ್ ಇದೆ, ಅದರಲ್ಲಿ ಅಜ್ಜಿಯ ಭಾಷೆ ಮಾತ್ರ ಇಲ್ಲ. ಕನ್ನಡದಲ್ಲಿ ಟೈಪ್ ಮಾಡುವುದು ಇವತ್ತು ಕಷ್ಟವೇನಲ್ಲ, ಎಲ್ಲ ಫೋನಿನಲ್ಲೂ ಕೀಬೋರ್ಡ್ ಕೂತಿದೆ. ಮಗುವಿಗೆ ಮೊದಲ ಕಂಪ್ಯೂಟರ್ ಪಾಠ ಅಂತ ಅಜ್ಜಿಗೆ ಕನ್ನಡದಲ್ಲಿ ಎರಡು ಸಾಲು ಬರೆಯಲು ಕಲಿಸಿದರೆ ಹೇಗೆ? ಬೇರೆ ಮಾತಿನ ಮೇಷ್ಟ್ರೊಬ್ಬರು ಕನ್ನಡ ಕಲಿಯಬಹುದಾದರೆ, ನಾವು ಇಷ್ಟಾದರೂ ಮಾಡಬಹುದಲ್ಲವೇ? ನೀವೇನಂತೀರಿ?