ಪ್ರಿಫಿಕ್ಸು, ಸಫಿಕ್ಸು ಮತ್ತು ಕನ್ನಡದ ಕಿವಿ

ಬೆಂಗಳೂರಿನ ಸೋಲದೇವನಹಳ್ಳಿಯ ಕಾಲೇಜುಗಳಲ್ಲಿ ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾಗುವವರಿಗೆ ಇಂಗ್ಲಿಷಿನ ಪ್ರಿಫಿಕ್ಸು, ಸಫಿಕ್ಸು ಎಂದರೆ ಬಾಯಿಪಾಠದ ಒಂದು ಪಟ್ಟಿ. ಹ್ಯಾಪಿಗೆ ‘ಅನ್’, ಆನೆಸ್ಟಿಗೆ ‘ಡಿಸ್’, ಪಾಸಿಬಲ್ಲಿಗೆ ‘ಇಮ್’. ಯಾಕೆ ಹೀಗೆ ಎಂದು ಕೇಳಲು ಪರೀಕ್ಷೆ ಪುರಸೊತ್ತು ಕೊಡುವುದಿಲ್ಲ. ಪದಕ್ಕೆ ಹಿಂದೆ ಮುಂದೆ ಏನು ಹತ್ತುತ್ತದೆ, ಯಾವ ಕ್ರಮದಲ್ಲಿ ಹತ್ತುತ್ತದೆ ಎಂಬುದು ಒಂದು ದೊಡ್ಡ ಶಾಸ್ತ್ರ. ಅದರ ಬೆಳವಣಿಗೆಯಲ್ಲಿ ಕನ್ನಡದ ಪಾಲೂ ಇದೆ ಎನ್ನುವುದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಕೇಶಿರಾಜನಿಂದಲೇ ಶುರುಮಾಡಬಹುದು. ಅವನ ಸುಮಾರು 1260ರ ವ್ಯಾಕರಣ ಶಬ್ದಮಣಿದರ್ಪಣದಲ್ಲಿ ಎಂಟು ಪ್ರಕರಣಗಳಿವೆ: ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ. ಪದದ ಕೊನೆಗೆ ಹತ್ತುವ ಪ್ರತ್ಯಯಗಳಿಗೆ ತದ್ಧಿತದ ಒಂದು ಪ್ರಕರಣವೇ ಮೀಸಲಾಗಿದೆ. ಮುಂದೆ ಹತ್ತುವ ಉಪಸರ್ಗಕ್ಕೆ ಪ್ರತ್ಯೇಕ ಪ್ರಕರಣವಿಲ್ಲ. ಇದು ಮರೆವಲ್ಲ, ಭಾಷೆ ಇರುವುದೇ ಹಾಗೆ. ಬಡತನ, ಮಾಲೆಗಾರ, ಕನ್ನಡಿಗ – ನಮ್ಮ ಪದಗಳು ಬಾಲದ ಕಡೆ ಬೆಳೆಯುತ್ತವೆ.

ಹಾಗಾದರೆ ಹೆದ್ದಾರಿ, ಹೆಬ್ಬಾಗಿಲು? ಅಲ್ಲಿ ಮುಂದೆ ನಿಂತಿರುವುದು ‘ಹಿರಿದು’ ಎಂಬ ಅರ್ಥವುಳ್ಳ ಪದ. ಸವೆದು ‘ಹೆ’ ಆಗಿದ್ದರೂ ಇಂಥವನ್ನು ಸಮಾಸದ ಲೆಕ್ಕಕ್ಕೆ ಸೇರಿಸುವುದೇ ನಮ್ಮ ವ್ಯಾಕರಣದ ರೂಢಿ. ಇದಕ್ಕೆ ಹಳೆಯ ಸಾಕ್ಷಿ ಉತ್ತರ ಬೆಂಗಳೂರಿನಲ್ಲೇ ಇದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನಲ್ಲಿ ಆ ಸೀಮೆಗೆ ‘ಪೆರ್ಬೊಳಲ್ ನಾಡು’ ಎಂಬ ಹೆಸರಿದೆ. ಪೆರ್ ಎಂದರೆ ದೊಡ್ಡದು, ಪೊಳಲ್ ಎಂದರೆ ಪಟ್ಟಣ. ಇವತ್ತಿನ ಫ್ಲೈಓವರಿನ ಟ್ರಾಫಿಕ್ಕು ನೋಡಿದರೆ ಹೆಸರು ಈಗ ಸಾರ್ಥಕವಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳು ಬಂದರು. ವಿಲಿಯಂ ಕೇರಿಯ ವ್ಯಾಕರಣ 1817ರದ್ದು, ರೀವನ ಇಂಗ್ಲಿಷ್–ಕನ್ನಡ ನಿಘಂಟು 1824ರದ್ದು. ಕಿಟ್ಟೆಲ್ ಶಬ್ದಮಣಿದರ್ಪಣವನ್ನೇ ಸಂಪಾದಿಸಿ, 1894ರಲ್ಲಿ ನಿಘಂಟು, 1903ರಲ್ಲಿ ವ್ಯಾಕರಣ ಕೊಟ್ಟ. ಆದರೆ ಇಂಗ್ಲಿಷ್ ಪದಗಳಿಗೆ ಸಾಟಿಪದ ಕೂಡಿಸುವ ಕೆಲಸ ಬೆಳೆದಂತೆ ಒಂದು ಚಾಳಿಯೂ ಬೇರುಬಿಟ್ಟಿತು. ಪ್ರಿಫಿಕ್ಸು ಎದುರಾದ ಕೂಡಲೇ ಸಂಸ್ಕೃತದ ಬಾಗಿಲು ತಟ್ಟುವುದು. ‘ಸಬ್’ ಬಂದರೆ ಉಪ, ‘ರೀ’ ಬಂದರೆ ಪುನರ್, ‘ಅನ್’ ಬಂದರೆ ಅ. ಉಪಸಮಿತಿ, ಪುನರ್ವಸತಿ, ಅಸಮಾನತೆ ಎಲ್ಲ ಈ ದಾರಿಯಲ್ಲಿ ಬಂದವು. 1918ರಲ್ಲಿ ಶುರುವಾದ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ‘ವಿಜ್ಞಾನ’ ಪತ್ರಿಕೆಗಾಗಲಿ, 1946ರ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿಗಾಗಲಿ ಇದು ಬಿಡಲಾಗದ ದಾರಿಯಾಗಿತ್ತು. ಅವರನ್ನು ದೂರುವುದು ಸುಲಭ. ಸಾವಿರಗಟ್ಟಲೆ ಪದ ಬೇಕಾಗಿದ್ದಾಗ ಸಿದ್ಧ ಅಚ್ಚು ಕೈಗೆ ಸಿಕ್ಕಿತು, ಬಳಸಿದರು.

ವಿಷಯ ನಿಜಕ್ಕೂ ರಂಗೇರುವುದು ಅಮೆರಿಕದಲ್ಲಿ. 1974ರಲ್ಲಿ ಡೊರೊಥಿ ಸೀಗಲ್ ಎಂಐಟಿಯ ಪ್ರಬಂಧದಲ್ಲಿ ಇಂಗ್ಲಿಷ್ ಪ್ರತ್ಯಯಗಳನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡ ಮೂಲಪದದ ಮೈಯನ್ನೇ ಕದಲಿಸುತ್ತದೆ: ಎಲೆಕ್ಟ್ರಿಕ್‌ಗೆ ‘ಇಟಿ’ ಹತ್ತಿದರೆ ಎಲೆಕ್ಟ್ರಿಸಿಟಿ, ಕ ಹೋಗಿ ಸ ಬಂತು. ಇನ್ನೊಂದು ಪಂಗಡ ಸಾಧು: ಹ್ಯಾಪಿಗೆ ‘ನೆಸ್’ ಸೇರಿದರೂ ಹ್ಯಾಪಿ ಹಾಗೇ ಇರುತ್ತದೆ. ಮೊದಲಿನದು ಒಳಗೆ, ಎರಡನೆಯದು ಹೊರಗೆ, ಈ ಎರಡು ಹಂತಗಳ ಕ್ರಮ ತಪ್ಪುವಂತಿಲ್ಲ ಎಂಬುದು ಸಿದ್ಧಾಂತ. 1983ರಲ್ಲಿ ನ್ಯೂಯಾರ್ಕಿನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಮಾರ್ಕ್ ಅರೊನಾಫ್ ಮತ್ತು ಕನ್ನಡಿಗ ಎಸ್. ಎನ್. ಶ್ರೀಧರ್ ಸೇರಿ ಈ ಹಂತಗಳನ್ನು ಇಂಗ್ಲಿಷ್, ಕನ್ನಡ ಎರಡರಲ್ಲೂ ಒರೆಗೆ ಹಚ್ಚಿದ ಪ್ರಬಂಧ ಬರೆದರು. ಹಂತ ಎಂದು ಕಾಣುವುದು ಬಹುಪಾಲು ಪ್ರತ್ಯಯ ಪದದ ಬುಡವಾದ ಪ್ರಕೃತಿಗೆ ಹತ್ತುತ್ತದೋ ಪೂರ್ಣಪದಕ್ಕೆ ಹತ್ತುತ್ತದೋ ಎಂಬ ಪ್ರಶ್ನೆ ಎಂದು ವಾದಿಸಿದರು.

ಇದನ್ನು ಹೈಸ್ಕೂಲು ಹುಡುಗಿಗೂ ವಿವರಿಸಬಹುದು. ವರ್ಷಕ್ಕೆ ‘ಇಕ’ ಸೇರಿದರೆ ವಾರ್ಷಿಕ, ಸಮಾಜಕ್ಕೆ ಸೇರಿದರೆ ಸಾಮಾಜಿಕ. ಮೊದಲ ಸ್ವರವೇ ಹಿಗ್ಗಿತು. ‘ತನ’ ಸೇರಿಸಿ ನೋಡಿ: ಜಾಣತನ, ಹುಡುಗತನ. ಜಾಣ ಜಾಣನಾಗಿಯೇ ಉಳಿದ. ಎಲೆಕ್ಟ್ರಿಸಿಟಿಯ ಗುಟ್ಟು ವಾರ್ಷಿಕದಲ್ಲಿದೆ, ಹ್ಯಾಪಿನೆಸ್ಸಿನ ಗುಟ್ಟು ಜಾಣತನದಲ್ಲಿದೆ. ಲ್ಯಾಟಿನ್ನಿನ ಸಾಲ ಇಂಗ್ಲಿಷಿಗೆ ಏನು ಮಾಡಿತೋ ಸಂಸ್ಕೃತದ ಸಾಲ ಕನ್ನಡಕ್ಕೆ ಅದನ್ನೇ ಮಾಡಿದೆ. ಅಸಮಾನ ಸರಾಗ, ‘ಅಜಾಣ’ ಎಂದರೆ ಮಗುವೂ ನಗುತ್ತದೆ.

ಈ ನಡುವೆ ನಾವೇ ಇಂಗ್ಲಿಷಿಗೆ ಪದ ಕಟ್ಟಿಕೊಡತೊಡಗಿದ್ದೆವು. ‘ಪೋಸ್ಟ್‌ಪೋನ್’ ಇದ್ದಮೇಲೆ ‘ಪ್ರಿಪೋನ್’ ಯಾಕಿರಬಾರದು? 1913ರಲ್ಲೇ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅದರ ಬಳಕೆ ಸಿಕ್ಕಿದ್ದರೂ, ದಿನಬಳಕೆಗೆ ತಂದದ್ದು ಭಾರತದ ಆಫೀಸುಗಳು. ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಹೊರಗುತ್ತಿಗೆಯ ಕಾಲದಲ್ಲಿ ಬೆಂಗಳೂರಿಗೇ ‘ಡ್’ ಅಂಟಿಸಿ ‘ಬ್ಯಾಂಗಲೋರ್ಡ್’ ಎಂದರು. ಅಮೆರಿಕದ ಕೆಲಸ ಇಲ್ಲಿಗೆ ಬಂದು ಅಲ್ಲಿನವನು ಮನೆಗೆ ಹೋದ ಎಂದು ಅರ್ಥ. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಬದಲಾದಾಗ ‘ಬ್ಯಾಂಗಲೋರಿಯನ್’ ಗತಿ ಏನು ಎಂದು ಇಂಗ್ಲಿಷ್ ಪತ್ರಿಕೆಗಳು ತಲೆಕೆಡಿಸಿಕೊಳ್ಳಬೇಕಾಯಿತು. ಬೆಂಗಳೂರಿಗನಿಗೆ ಆ ತೊಂದರೆ ಇರಲಿಲ್ಲ.

ಈ ಎಲ್ಲ ಎಳೆಗಳನ್ನು ಒಟ್ಟಿಗೆ ಹಿಡಿದವರು ಡಿ. ಎನ್. ಶಂಕರ ಬಟ್ಟರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಸಂಸ್ಕೃತದ ಅಚ್ಚು ಕನ್ನಡಕ್ಕೆ ಒಗ್ಗದೆಂದು ವಾದಿಸಿದ ಅವರು, ಮುಂದೆ ಇಂಗ್ಲಿಷಿನ ಪ್ರಿಫಿಕ್ಸುಗಳನ್ನು, ಅವರ ಮಾತಿನಲ್ಲಿ ‘ಮುನ್ನೊಟ್ಟು’ಗಳನ್ನು, ಒಂದೊಂದಾಗಿ ಎತ್ತಿಕೊಂಡು ಕನ್ನಡದ್ದೇ ದಾರಿ ಹುಡುಕಿದರು. ಮರು, ಒಳ, ಹೊರ, ಮುನ್, ಹಿನ್ ಇಂಥ ನಮ್ಮವೇ ಮುಂಪದಗಳು ಎಷ್ಟು ದೂರ ಸಾಗುತ್ತವೆ ಎಂದು ತೋರಿಸಿದರು. ಅವರು ಕಟ್ಟಿದ ಪದಗಳೆಲ್ಲ ನಾಲಿಗೆಗೆ ಹತ್ತಲಿಲ್ಲ, ಹತ್ತಬೇಕಾಗಿಯೂ ಇಲ್ಲ. ಮಹಾಪ್ರಾಣ ಬಿಟ್ಟ ಅವರ ಬರವಣಿಗೆ ನೋಡಿ ಮುನಿದವರು ಈ ಕೆಲಸವನ್ನು ಓದದೆ ಬದಿಗಿಟ್ಟದ್ದು ಮಾತ್ರ ನಷ್ಟ. ಎರಡು ಭಾಷೆಗಳ ಪದರಚನೆಯನ್ನು ಅಕ್ಕಪಕ್ಕ ಇಟ್ಟು ಇಷ್ಟು ವಿವರವಾಗಿ ನೋಡಿದ ಕನ್ನಡ ಕೆಲಸ ವಿರಳ. ಇದನ್ನು ಕನ್ನಡ ವಿಭಾಗದವರಿಗೆ ಬಿಟ್ಟುಕೊಡದೆ, ಇಂಗ್ಲಿಷ್ ಪಾಠ ಮಾಡುವ ಮೇಷ್ಟರುಗಳೇ ಮೊದಲು ಓದಬೇಕು.