ಪೊಂಚೊ: ಕತ್ತರಿ ಕಾಣದ ಬಟ್ಟೆ

ಕ್ಲಿಂಟ್ ಈಸ್ಟ್‌ವುಡ್ ನೆನಪಿರಬೇಕಲ್ಲ? ಬಾಯಲ್ಲಿ ಚುಟ್ಟಾ, ಅರ್ಧ ಮುಚ್ಚಿದ ಕಣ್ಣು, ಹೆಗಲಿಂದ ಕೆಳಗೆ ಇಳಿಬಿದ್ದ ಕಂಬಳಿಯಂಥದ್ದು. 1964ರಲ್ಲಿ ಸೆರ್ಜಿಯೊ ಲಿಯೊನೆ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ತೆಗೆದ ಮೇಲೆ ಪೊಂಚೊ ಅಂದರೆ ಕೌಬಾಯ್ ಬಟ್ಟೆ ಅಂತ ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಆ ಸಿನಿಮಾ ತೆಗೆದವರು ಇಟಲಿಯವರು, ಹೊರಾಂಗಣ ಚಿತ್ರೀಕರಣ ನಡೆದದ್ದು ಸ್ಪೇನಿನಲ್ಲಿ, ಕಥೆ ಮೆಕ್ಸಿಕೋ ಗಡಿಯದ್ದು. ಪೊಂಚೊದ ತವರು ಮಾತ್ರ ಇವೆಲ್ಲಕ್ಕಿಂತ ಬಹಳ ದೂರ, ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ. ಅಲ್ಲಿನ ಕಥೆ ಈ ಸಿನಿಮಾಗಿಂತ ರೋಚಕ, ಸತ್ಯಕ್ಕೂ ಹತ್ತಿರ :-)

ನಮ್ಮ ಕುರಿಗಾಹಿಗಳು ಕಂಬಳಿಯನ್ನು ಮಡಚಿ ತಲೆ ಮೇಲೆ ಕೊಪ್ಪೆ ಹಾಕಿಕೊಳ್ಳುವುದನ್ನು ನೋಡಿದವರಿಗೆ ಪೊಂಚೊ ವಿವರಿಸುವುದು ಸುಲಭ. ಅದೇ ಕಂಬಳಿ, ನಡುವೆ ತಲೆ ತೂರಿಸಲು ಒಂದು ಸೀಳು. ಕೊಪ್ಪೆ ಜಾರಿದರೆ ಕೈಯಲ್ಲಿ ಹಿಡಿಯಬೇಕು, ಪೊಂಚೊ ಜಾರುವುದಿಲ್ಲ, ಎರಡೂ ಕೈ ಖಾಲಿ. ಆದರೆ ಆ ಸೀಳನ್ನು ಕತ್ತರಿಯಲ್ಲಿ ಕತ್ತರಿಸಿರುತ್ತಾರೆ ಅಂದುಕೊಂಡರೆ ತಪ್ಪು. ಮಜಾ ಇರುವುದೇ ಅಲ್ಲಿ.

ಆಂಡೀಸಿನ ನೇಕಾರ್ತಿಯರು (ಹೌದು, ಪೊಂಚೊ ನೇಯುವವರಲ್ಲಿ ಹೆಂಗಸರೇ ಹೆಚ್ಚು) ಬಟ್ಟೆಯನ್ನು ಥಾನಿನ ಲೆಕ್ಕದಲ್ಲಿ ನೇಯುವುದಿಲ್ಲ. ಎಷ್ಟು ಬೇಕೋ ಅಷ್ಟೇ ಅಳತೆಗೆ, ಎರಡು ಕೋಲುಗಳ ನಡುವೆ ಒಂದೇ ನೂಲನ್ನು ಹೋಗಿ ಬಂದು ಸುತ್ತಿ ಹಾಸು ಹಾಕುತ್ತಾರೆ. ಹಾಗಾಗಿ ಹಾಸಿನ ಎಳೆಗಳಿಗೆ ಕತ್ತರಿಸಿದ ತುದಿಯೇ ಇರುವುದಿಲ್ಲ, ಎರಡೂ ಕೊನೆಯಲ್ಲಿ ಬರೀ ಮಡಿಕೆ. ನೇಯ್ಗೆ ಮುಗಿಯುತ್ತ ಬಂದಂತೆ ಹೊಕ್ಕಿನ ಕಡ್ಡಿ ತೂರಲು ಜಾಗವೇ ಉಳಿಯದು. ಕೊನೆಯ ನಾಲ್ಕು ಬೆರಳಷ್ಟು ಜಾಗವನ್ನು ಸೂಜಿಯಲ್ಲಿ ಒಂದೊಂದೇ ಎಳೆ ತೂರಿಸಿ ಮುಗಿಸಬೇಕು. ಇಷ್ಟೆಲ್ಲ ಆದಮೇಲೆ ಸಿಗುವುದು ನಾಲ್ಕೂ ಕಡೆ ಸಹಜ ಅಂಚಿರುವ ಬಟ್ಟೆ. ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಕೈಚಾಚಿದಷ್ಟೇ ಅಗಲ ಬರುವುದರಿಂದ ಎರಡು ಪಟ್ಟಿ ನೇಯ್ದು ನಡುವೆ ಹೊಲಿಯುತ್ತಾರೆ, ತಲೆಗೆ ಬೇಕಾದಷ್ಟು ಜಾಗ ಹೊಲಿಯದೆ ಬಿಡುತ್ತಾರೆ. ಅಷ್ಟೇ ಕುತ್ತಿಗೆ! ಸೀರೆ ಪಂಚೆ ಉಡುವ ನಮಗೆ, ಮಗ್ಗದಿಂದ ಇಳಿದದ್ದನ್ನು ಹಾಗೇ ಮೈಗೆ ಹಾಕುವುದು ಹೊಸದಲ್ಲ. ಆದರೂ ಸೀರೆಯನ್ನು ಮಗ್ಗದಿಂದ ಇಳಿಸುವಾಗ ಹಾಸು ಕತ್ತರಿಸುತ್ತೇವೆ. ಇವರು ಅದನ್ನೂ ಮಾಡುವುದಿಲ್ಲ.

ಇಂಕಾ ಸಾಮ್ರಾಜ್ಯದಲ್ಲಿ ಬಟ್ಟೆಗೆ ಚಿನ್ನಕ್ಕಿಂತ ಹೆಚ್ಚಿನ ಬೆಲೆ ಇತ್ತು. ಸೈನಿಕರಿಗೆ ಇನಾಮು ಬಟ್ಟೆ, ಸೋತು ಶರಣಾದ ನಾಯಕನಿಗೆ ಮರ್ಯಾದೆ ಬಟ್ಟೆ, ದೇವರಿಗೆ ಸುಡುವ ಕಾಣಿಕೆಯೂ ಬಟ್ಟೆಯೇ. ಜಾನ್ ಮುರ್ರಾ ಎಂಬ ವಿದ್ವಾಂಸರು 1962ರಲ್ಲಿ ಇದರ ಮೇಲೇ ಒಂದು ಪ್ರಬಂಧ ಬರೆದರು. ಇಂಕಾ ಗಂಡಸರ ನಿಲುವಂಗಿಯ ಹೆಸರು ಉಂಕು. ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್ ಸಂಗ್ರಹದಲ್ಲಿ ಒಂದು ಉಂಕು ಇದೆ. ಅದರ ತುಂಬ ಟೊಕಾಪು ಎಂಬ ಚಿತ್ರಚೌಕಗಳು. ಅವು ಲಿಪಿಯೋ ಲಾಂಛನವೋ ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ.

ಸ್ಪೇನಿನ ದಂಡಿನೊಂದಿಗೆ ಹೋಗಿದ್ದ ಪೆದ್ರೊ ಪಿಸಾರೊ ಬರೆದಿಟ್ಟ ಒಂದು ಪ್ರಸಂಗ ಕೇಳಿ. 1532ರಲ್ಲಿ ಸೆರೆ ಸಿಕ್ಕ ಅರಸ ಅತಾವಾಲ್ಪ ಊಟ ಮಾಡುವಾಗ ಮೈಮೇಲೆ ಒಂದಿಷ್ಟು ಅನ್ನಾಹಾರ ಬಿತ್ತು. ಕೂಡಲೇ ಎದ್ದು ಒಳಗೆ ಹೋಗಿ ಬೇರೆ ಬಟ್ಟೆ ಹಾಕಿಕೊಂಡು ಬಂದ. ಹೊಸ ಹೊದಿಕೆ ರೇಷ್ಮೆಗಿಂತ ಮೃದು. ಏನಿದು ಅಂತ ಮುಟ್ಟಿ ನೋಡಿ ಕೇಳಿದರೆ, ಬಾವಲಿ ಕೂದಲಿನದ್ದಂತೆ! ಅರಸ ಮೈಗೆ ತಾಕಿಸಿದ್ದನ್ನೆಲ್ಲ ಪೆಟ್ಟಿಗೆಗಳಲ್ಲಿ ಕಾಪಿಟ್ಟು ವರ್ಷಕ್ಕೊಮ್ಮೆ ಸುಟ್ಟು ಗಾಳಿಗೆ ತೂರುತ್ತಿದ್ದರು, ಬೇರೆಯವರು ಮುಟ್ಟಬಾರದೆಂದು. ಬಟ್ಟೆ ಅಂದರೆ ಮನುಷ್ಯನ ಒಂದು ತುಂಡು ಅನ್ನುವ ನಂಬಿಕೆ ಅದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಂಕುವಿಗೂ ಪೊಂಚೊಗೂ ಇರುವ ದೊಡ್ಡ ವ್ಯತ್ಯಾಸ ಪಕ್ಕದ ಹೊಲಿಗೆ. ಉಂಕುವಿನ ಪಕ್ಕಗಳನ್ನು ಹೊಲಿದಿರುತ್ತಾರೆ, ಪೊಂಚೊದ ಪಕ್ಕಗಳು ತೆರೆದಿರುತ್ತವೆ. ತೆರೆದ ಪಕ್ಕದ ಚಿಕ್ಕ ಪೊಂಚೊಗಳು ಪೆರುವಿನ ಕರಾವಳಿಯ ಪರಾಕಾಸ್ ಸಮಾಧಿಗಳಲ್ಲೇ, ಅಂದರೆ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಇದ್ದವು. ಆದರೆ ದೊಡ್ಡ ಪೊಂಚೊಗೆ ಕಾಲ ಕೂಡಿಬಂದದ್ದು ಸ್ಪೇನಿನವರು ಕುದುರೆ ತಂದಮೇಲೆ. ಪಕ್ಕ ಹೊಲಿದ ಅಂಗಿಗಿಂತ ಸವಾರನಿಗೆ ಇದು ಅನುಕೂಲ: ತೊಡೆಯನ್ನೂ ಮುಚ್ಚುತ್ತದೆ, ಕೈಯನ್ನೂ ಕಟ್ಟುವುದಿಲ್ಲ, ರಾತ್ರಿ ಹಾಸಿಗೆಯೂ ಆಗುತ್ತದೆ. ಇನ್ನೊಂದು ಕಾರಣ ರಾಜಕೀಯ. 1780ರಲ್ಲಿ ಎರಡನೇ ತುಪಾಕ್ ಅಮಾರು ದಂಗೆ ಎದ್ದ. 1781ರಲ್ಲಿ ಅವನನ್ನು ಕುಸ್ಕೋದ ಚೌಕದಲ್ಲಿ ಕೊಂದರು. ಆ ಶಿಕ್ಷೆಯ ಆಜ್ಞೆಯಲ್ಲೇ ಇಂಕಾ ಉಡುಪಿಗೂ ನಿಷೇಧ ಹಾಕಿದರು, ಕೆಚುವಾ ಭಾಷೆಯನ್ನು ಅಳಿಸಬೇಕೆಂದರು. ನೋಡಿ, ಬಂದೂಕಿನ ಜೊತೆಗೆ ಅಂಗಿಗೂ ಭಾಷೆಗೂ ಹೆದರಿದರು! ಉಂಕು ಬಹುತೇಕ ಕಡೆ ಮರೆಯಾಯಿತು. ಕುಸ್ಕೋ ಹತ್ತಿರದ ಕೆರೊ ಎಂಬ ದುರ್ಗಮ ಹಳ್ಳಿಗಳಲ್ಲಿ ಮಾತ್ರ 20ನೇ ಶತಮಾನದವರೆಗೂ ಪೊಂಚೊದ ಒಳಗೆ ಉಂಕು ತೊಡುತ್ತಿದ್ದರು. ಮೇಲೊಂದು ಕಾನೂನು ಒಪ್ಪಿದ ಬಟ್ಟೆ, ಒಳಗೊಂದು ಅಜ್ಜಂದಿರ ಬಟ್ಟೆ.

ಈಗ ಪೆರು ಬಿಟ್ಟು ಇನ್ನೂ ದಕ್ಷಿಣಕ್ಕೆ, ಚಿಲಿ ಮತ್ತು ಅರ್ಜೆಂಟೀನಾಕ್ಕೆ ಬನ್ನಿ. ಇದು ಮಪುಚೆ ಜನರ ನಾಡು. ಸ್ಪೇನಿನವರಿಗೆ ಇವರನ್ನು ಪೂರ್ತಿ ಗೆಲ್ಲಲು ಕೊನೆವರೆಗೂ ಆಗಲಿಲ್ಲ. ಅವರಿಂದಲೇ ಕುದುರೆ, ಕುರಿ ಪಡೆದುಕೊಂಡು ಅದ್ಭುತ ಪೊಂಚೊ ನೇಯ್ದರು. ಇಲ್ಲಿಯದು ನೆಟ್ಟಗೆ ನಿಲ್ಲಿಸುವ ಮಗ್ಗ. ನೇಯುವುದನ್ನು ಕಲಿಸಿದ್ದು ಜೇಡಜ್ಜಿ ಅಂತ ಅವರ ಕಥೆ. ಮುಖಂಡರ ಪೊಂಚೊಗಳಿಗೆ ಹಾಸಿನ ನೂಲನ್ನೇ ಅಲ್ಲಲ್ಲಿ ಬಿಗಿದು ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ, ಕಟ್ಟಿದ ಜಾಗ ಬಿಳಿಯಾಗಿ ಉಳಿದು ಮೆಟ್ಟಿಲು ಮೆಟ್ಟಿಲಾದ ಶಿಲುಬೆ ಮೂಡುತ್ತದೆ. ಪೋಚಂಪಳ್ಳಿ, ಪಟೋಲ ಸೀರೆಗಳ ವಿದ್ಯೆಯೇ. ಒಬ್ಬರಿಂದೊಬ್ಬರು ಕಲಿತದ್ದಲ್ಲ, ಎರಡು ಕಡೆ ಬೇರೆ ಬೇರೆಯಾಗಿ ಹೊಳೆದದ್ದು. ಇಂಥ ಪೊಂಚೊಗಳನ್ನು ಕೊಟ್ಟು ದನ, ಕುದುರೆ ಪಡೆಯುತ್ತಿದ್ದರು.

ಇಂಥ ವ್ಯಾಪಾರ ಕಂಡರೆ ಇಂಗ್ಲೆಂಡ್ ಸುಮ್ಮನಿದ್ದೀತೇ? ಬ್ಯೂನಸ್ ಐರಿಸ್‌ನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ವುಡ್‌ಬೈನ್ ಪ್ಯಾರಿಶ್ ತನ್ನ ಪುಸ್ತಕದಲ್ಲಿ ಹೆಮ್ಮೆಯಿಂದ ಪಟ್ಟಿ ಮಾಡಿದ್ದಾನೆ: ದನಗಾಹಿ ಗೌಚೊನ ಹೆಂಡತಿಯ ಬಟ್ಟೆ ಮ್ಯಾಂಚೆಸ್ಟರಿನದು, ಅವನ ಪಾತ್ರೆ, ಚಾಕು, ಕೊನೆಗೆ ಪೊಂಚೊ ಕೂಡ ಇಂಗ್ಲೆಂಡಿನದು. ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆದ ಕಾಲದಲ್ಲೇ ಅಲ್ಲೂ ಅದೇ ಆಟ. ಆದರೂ ಬಿಗಿ ನೇಯ್ಗೆಯ ಕೈಪೊಂಚೊ ಸಾಯಲಿಲ್ಲ. ಇದ್ದವರು ಅದನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಯಾಕೆ ಅನ್ನುವುದಕ್ಕೆ 1870ರ ಒಂದು ಪ್ರಸಂಗ ಇದೆ. ಅರ್ಜೆಂಟೀನಾದ ಕರ್ನಲ್ ಲೂಸಿಯೊ ಮಾನ್ಸಿಯಾ ಶಾಂತಿ ಒಪ್ಪಂದ ಮಾತಾಡಲು ರಾಂಕೆಲ್ ಜನರ ನಾಡಿಗೆ ಹೋದ. ಇವರದೂ ಮಪುಚೆ ನುಡಿಯೇ. ಅವರ ಮುಖಂಡ ಮರಿಯಾನೊ ರೊಸಾಸ್. ಹೆಸರು ಸ್ಪ್ಯಾನಿಷ್ ಆಗಿದ್ದಕ್ಕೆ ಕಾರಣ, ಹುಡುಗನಾಗಿದ್ದಾಗ ಸೆರೆಸಿಕ್ಕು ಹುವಾನ್ ಮನುವೆಲ್ ದೆ ರೊಸಾಸ್‌ನ ಜಮೀನಿನಲ್ಲಿ ಬೆಳೆದದ್ದು. ಮರಿಯಾನೊ ತನ್ನ ಹಿರಿಯ ಹೆಂಡತಿ ನೇಯ್ದ ಪೊಂಚೊವನ್ನು ಕರ್ನಲ್‌ಗೆ ಕೊಟ್ಟ. ಕರ್ನಲ್ ಪ್ರತಿಯಾಗಿ ಕೊಟ್ಟದ್ದು ತನ್ನ ರಬ್ಬರ್ ಪೊಂಚೊ! ಮುಂದೆಂದಾದರೂ ಶಾಂತಿ ಮುರಿದರೆ, ಮೈಮೇಲೆ ಈ ಪೊಂಚೊ ಕಂಡರೆ ನನ್ನವರು ನಿನ್ನನ್ನು ಕೊಲ್ಲುವುದಿಲ್ಲ ಅಂದನಂತೆ ಮರಿಯಾನೊ. ಹಿರಿಯ ಹೆಂಡತಿ ನೇಯ್ದ ಪೊಂಚೊ ಅವರಲ್ಲಿ ಮದುವೆಯ ಉಂಗುರ ಇದ್ದಂತೆ ಎಂದು ಮಾನ್ಸಿಯಾನೇ ಬರೆದಿದ್ದಾನೆ. ಅತಾವಾಲ್ಪನ ಪೆಟ್ಟಿಗೆಗಳು ನೆನಪಾದವೇ? ಮ್ಯಾಂಚೆಸ್ಟರ್ ಪೊಂಚೊಗೆ ಬೆಲೆ ಇತ್ತು, ಆದರೆ ಅದನ್ನು ನೇಯ್ದ ಹೆಂಡತಿ ಇರಲಿಲ್ಲ.

ಶಾಂತಿ ಮುರಿಯಿತು. ಮರಿಯಾನೊ 1877ರಲ್ಲಿ ತೀರಿಕೊಂಡ. 1879ರಲ್ಲಿ ಜನರಲ್ ರೋಕಾ ಈ ಜನರ ಮೇಲೆ ನಡೆಸಿದ ದಂಡಯಾತ್ರೆಗೆ ಇಟ್ಟ ಹೆಸರು ‘ಮರುಭೂಮಿಯ ವಿಜಯ’. ಜನ ಬದುಕಿದ್ದ ನಾಡಿಗೆ ಮರುಭೂಮಿ ಅಂತ ಹೆಸರು! ಸೈನಿಕರು ಮರಿಯಾನೊನ ಗೋರಿಯನ್ನೂ ಅಗೆದರು. ಅವನ ತಲೆಬುರುಡೆ ಲಾ ಪ್ಲಾತಾದ ಮ್ಯೂಸಿಯಮ್ಮು ಸೇರಿ, 2001ರಲ್ಲಷ್ಟೇ ಅವನ ಜನರಿಗೆ ವಾಪಸ್ ಸಿಕ್ಕಿತು.

ಬಣ್ಣದ ವಿಷಯ ಹೇಳದೆ ಹೋದರೆ ಆಗದು. ಆಂಡೀಸಿನ ಆ ಕಡುಗೆಂಪು ಬರುವುದು ಪಾಪಾಸುಕಳ್ಳಿ ಮೇಲೆ ಬದುಕುವ ಕಾಚಿನೀಲ್ ಎಂಬ ಪುಟ್ಟ ಹುಳದಿಂದ. ಒಣಗಿಸಿ ಅರೆದು, ಪಟಿಕದಂಥ ಖನಿಜದ ಜೊತೆ ಕುದಿಸುತ್ತಾರೆ. ಈ ಬಣ್ಣದ ಆಸೆಗೆ 1795ರಲ್ಲಿ ಮದ್ರಾಸಿಗೂ ಹುಳ ತಂದರು. ಬಂದದ್ದು ಬೇರೆ ಜಾತಿ, ಬಣ್ಣ ಸರಿ ಬರಲಿಲ್ಲ, ಆದರೆ ಕಳ್ಳಿಯನ್ನು ಚೆನ್ನಾಗಿ ತಿಂದುಹಾಕಿತು. 1926ರಲ್ಲಿ ಇನ್ನೊಂದು ಜಾತಿಯ ಹುಳ ತಂದದ್ದು ಬಣ್ಣಕ್ಕಲ್ಲ, ದಕ್ಷಿಣ ಭಾರತದ ಹೊಲ ಬೇಲಿಗಳನ್ನು ನುಂಗಿದ್ದ ಪಾಪಾಸುಕಳ್ಳಿ ಕೊಲ್ಲಲಿಕ್ಕೇ. ಅಂದಹಾಗೆ, ‘ನಮ್ಮ’ ಪಾಪಾಸುಕಳ್ಳಿಯೂ ಅಮೆರಿಕದಿಂದ ಬಂದದ್ದೇ.

ಕೈಮಗ್ಗದ ಪೊಂಚೊ ಯಾರಾದರೂ ಉಡುಗೊರೆ ಕೊಟ್ಟರೆ ಮೊದಲು ಅಂಚು ನೋಡಿ. ಕತ್ತರಿಸಿ ಮಡಚಿ ಹೊಲಿದ ಅಂಚಾದರೆ ಅದು ಬಹುಶಃ ಥಾನಿನ ಬಟ್ಟೆ. ಕುರಿ ಉಣ್ಣೆಯೋ ಅಲ್ಪಾಕವೋ, ಬಿಸಿನೀರು ಎರಡಕ್ಕೂ ಶತ್ರು. ಉಣ್ಣೆಯ ಎಳೆಗೆ ಮೀನಿನಂತೆ ಹುರುಪೆಗಳಿವೆ, ಬಿಸಿನೀರಲ್ಲಿ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗುತ್ತದೆ. ಕುಸ್ಕೋ ಬಳಿಯ ಚಿಂಚೆರೊದಲ್ಲಿ ಸಾಕ್ತಾ ಎಂಬ ಬೇರನ್ನು ತುರಿದು, ಅದರ ನೊರೆಯಲ್ಲಿ ಉಣ್ಣೆ ತೊಳೆಯುತ್ತಾರೆ. ನಮಗೆ ಅಂಟುವಾಳ ಇದೆಯಲ್ಲ, ಅದೇ ಸಾಕು, ತಣ್ಣೀರಲ್ಲಿ. ಕಾಚಿನೀಲ್ ಕೆಂಪಿಗೆ ನಿಂಬೆರಸ ತಾಕಿದರೆ ಕಿತ್ತಳೆ, ವಾಷಿಂಗ್ ಸೋಡಾ ತಾಕಿದರೆ ನೇರಳೆ, ಎರಡನ್ನೂ ದೂರ ಇಡಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ನೀರು ತೆಗೆದು ನೆರಳಲ್ಲಿ ಚಾಪೆ ಮೇಲೆ ಹರಡಿ. ಹ್ಯಾಂಗರಿಗೆ ತೂಗುಹಾಕಿದರೆ ಹೆಗಲು ಜೋಲುತ್ತದೆ. ನುಸಿಹುಳಕ್ಕೆ ಬೆವರು ಮೆತ್ತಿದ ಉಣ್ಣೆ ಇಷ್ಟ, ಅದಕ್ಕೇ ತೊಳೆದು ಒಣಗಿಸದೆ ಪೆಟ್ಟಿಗೆಗೆ ಹಾಕಬಾರದು, ಆಗಾಗ ಬಿಚ್ಚಿ ಕೊಡವುತ್ತಿರಬೇಕು. ನಡುವಿನ ಹೊಲಿಗೆ ಬಿಚ್ಚಿಕೊಂಡರೆ ಗಾಬರಿ ಬೇಡ. ಬಟ್ಟೆ ಹರಿದಿಲ್ಲ, ಎರಡು ಪಟ್ಟಿ ಬೇರೆಯಾಗಿವೆ ಅಷ್ಟೇ. ಅದೇ ಬಣ್ಣದ ಉಣ್ಣೆ ದಾರ ಹಾಕಿ ಮತ್ತೆ ಹೊಲಿಯಿರಿ, ತಲೆಗೆ ಜಾಗ ಬಿಡುವುದು ಮರೆಯಬೇಡಿ :-)