ಬೆಳೆ ಹಾನಿ ಪರಿಹಾರ (ಇನ್‌ಪುಟ್ ಸಬ್ಸಿಡಿ): ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ರೈತರಿಗೆ ಮಾಹಿತಿ

ಅತಿವೃಷ್ಟಿ, ಪ್ರವಾಹ, ಬರ ಮುಂತಾದ ಪ್ರಕೃತಿ ವಿಕೋಪಗಳಿಂದ ಬೆಳೆ ಕಳೆದುಕೊಂಡ ರೈತರಿಗೆ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯನ್ವಯ ಇನ್‌ಪುಟ್ ಸಬ್ಸಿಡಿ ನೀಡಲಾಗುತ್ತದೆ. ಸೊರಬ ತಾಲ್ಲೂಕಿನಲ್ಲಿ ವರದಾ ಮತ್ತು ದಂಡಾವತಿ ನದಿ ಪಾತ್ರದ ತಗ್ಗು ಗದ್ದೆಗಳ ಭತ್ತ, ಶಿಕಾರಿಪುರ ತಾಲ್ಲೂಕಿನಲ್ಲಿ ಮಳೆಯಾಶ್ರಿತ ಮೆಕ್ಕೆಜೋಳ ಇಂತಹ ಹಾನಿಗೆ ಸುಲಭವಾಗಿ ಗುರಿಯಾಗುವ ಬೆಳೆಗಳು. ಈ ಮೊತ್ತವು ಬೆಳೆಯ ಮಾರುಕಟ್ಟೆ ಬೆಲೆಯಲ್ಲ. ಮುಂದಿನ ಬಿತ್ತನೆಯ ಬೀಜ, ಗೊಬ್ಬರಗಳ ವೆಚ್ಚಕ್ಕೆ ನೆರವು ಮಾತ್ರ.

ಪರಿಹಾರದ ದರ

ಬೆಳೆಯು ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು. 2015ಕ್ಕೆ ಮೊದಲು ಈ ಮಿತಿ ಶೇ. 50 ಇದ್ದಿತು. 2022-23ರಿಂದ 2025-26ರ ಅವಧಿಗೆ ನಿಗದಿಯಾದ ದರವು ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ರೂ. 8,500, ನೀರಾವರಿ ಬೆಳೆಗೆ ರೂ. 17,000, ಅಡಿಕೆಯಂತಹ ಬಹುವಾರ್ಷಿಕ ಬೆಳೆಗೆ ರೂ. 22,500, ಗರಿಷ್ಠ 2 ಹೆಕ್ಟೇರಿಗೆ, ಅಂದರೆ ಸುಮಾರು 4 ಎಕರೆ 38 ಗುಂಟೆಗೆ ಸೀಮಿತ. ಒಂದು ಎಕರೆ ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಈ ದರದಲ್ಲಿ ಬರುವುದು ಸುಮಾರು ರೂ. 3,440. 2025ರ ಮುಂಗಾರು ಹಂಗಾಮಿನ ಹಾನಿಗೆ ರಾಜ್ಯ ಸರ್ಕಾರವು ಹೆಕ್ಟೇರಿಗೆ ರೂ. 8,500ನ್ನು ಹೆಚ್ಚುವರಿಯಾಗಿ ಘೋಷಿಸಿತು.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಆಗ ಮೊದಲ ಕಂತಾಗಿ ಗರಿಷ್ಠ ರೂ. 2,000 ಮಾತ್ರ ನೀಡಲಾಗಿದ್ದು, ಕೇಂದ್ರದ ನೆರವು ಬಿಡುಗಡೆಯಾದ ನಂತರ 2024ರ ಮೇ ತಿಂಗಳಿನಲ್ಲಿ ಉಳಿದ ಮೊತ್ತ ಜಮೆಯಾಯಿತು.

ಹೆಸರು ಬಿಟ್ಟುಹೋಗಲು ಕಾರಣಗಳು

ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಪರಿಹಾರ ಮಂಜೂರಾಗುವುದಿಲ್ಲ. ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆಯ ವಿವರವು ಪರಿಹಾರ ತಂತ್ರಾಂಶದಲ್ಲಿ ದಾಖಲಾಗಿ, ಪಹಣಿ, ಬೆಳೆ ಸಮೀಕ್ಷೆ ಮತ್ತು ಫ್ರೂಟ್ಸ್ ಗುರುತಿನ ಸಂಖ್ಯೆಯ (ಎಫ್‌ಐಡಿ) ವಿವರಗಳೊಂದಿಗೆ ಹೊಂದಿಕೆಯಾಗಬೇಕು. ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಗದ್ದೆಯಲ್ಲಿ ನಷ್ಟವು ಕಣ್ಣಿಗೆ ಕಾಣುವಂತಿದ್ದರೂ ದಾಖಲೆ ಸರಿಯಿಲ್ಲದೆ ಪರಿಹಾರ ತಪ್ಪುವುದುಂಟು.

ಹೆಚ್ಚಾಗಿ ಕಂಡುಬರುವ ತೊಡಕು ಪಹಣಿಯು ಮೃತರ ಹೆಸರಿನಲ್ಲೇ ಮುಂದುವರಿದಿರುವುದು. ಮಕ್ಕಳು ಉಳುಮೆ ಮಾಡುತ್ತಿದ್ದರೂ, ತಂದೆ ಅಥವಾ ಅಜ್ಜನ ಹೆಸರಿನ ಸರ್ವೆ ನಂಬರು ಅವರ ಎಫ್‌ಐಡಿಗೆ ಸೇರಿರುವುದಿಲ್ಲ. ಅಂತಹವರು ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸುವುದು. ಇದಕ್ಕೆ ಸಮಯ ಹಿಡಿಯುವುದರಿಂದ ಹಾನಿಯಾದ ನಂತರ ಆರಂಭಿಸಿದರೆ ಆ ಹಂಗಾಮಿಗೆ ಉಪಯೋಗವಾಗದೆ ಹೋಗಬಹುದು. ಹೊಸ ಖಾತೆಯಾದ ಮೇಲೆ ಸದರಿ ಸರ್ವೆ ನಂಬರನ್ನು ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿಗೆ ಸೇರಿಸಿಕೊಳ್ಳತಕ್ಕದ್ದು.

ಮೆಕ್ಕೆಜೋಳ ಬಿತ್ತಿದ ಹೊಲಕ್ಕೆ ಬೇರೆ ಬೆಳೆ ದಾಖಲಾಗಿದ್ದಲ್ಲಿ ಬೆಳೆ ದರ್ಶಕ್ ಆ್ಯಪ್ ಮೂಲಕ ಆಕ್ಷೇಪಣೆ ಸಲ್ಲಿಸಬಹುದು. ಗೇಣಿಗೆ ಮಾಡಿದ ಜಮೀನಿನ ಪರಿಹಾರ ಪಹಣಿದಾರರ ಖಾತೆಗೆ ಹೋಗುತ್ತದೆ. ಬಿತ್ತಿದವರೊಬ್ಬರು, ಹಣ ಪಡೆಯುವವರೊಬ್ಬರು ಎಂಬ ದೂರಿಗೆ ಇದೇ ಮೂಲ. ಬಗರ್ ಹುಕುಂ ಸಾಗುವಳಿ ಸಕ್ರಮಗೊಂಡು ಪಹಣಿ ಬಾರದಿದ್ದಲ್ಲಿ ಸಾಗುವಳಿದಾರರ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ.

ಬೆಳೆ ವಿಮೆ ಬೇರೆ

ಫಸಲ್ ಬಿಮಾ ಯೋಜನೆಯ ಪರಿಹಾರವು ಪ್ರತ್ಯೇಕವಾಗಿದ್ದು, ಕಂತು ಪಾವತಿಸಿದವರಿಗೆ ಮಾತ್ರ ಅನ್ವಯಿಸುತ್ತದೆ. ಆ ಯೋಜನೆಯಡಿ ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಗಳೊಳಗೆ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಿಳಿಸತಕ್ಕದ್ದು. ಇನ್‌ಪುಟ್ ಸಬ್ಸಿಡಿಯ ಬಗ್ಗೆ ಗ್ರಾಮ ಆಡಳಿತ ಅಧಿಕಾರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವಾಗ ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ತರುವುದು.